ಲೀಸ್ ಮಾತ್ರ, ಬಾಡಿಗೆಗಿಲ್ಲ

ಸಾನ್ ಡಿಯಾಗೋದಲ್ಲಿ ನನ್ನ ಹೆಸರಿನಲ್ಲಿ ಒಂದು ಮನೆಯಿದೆ. ಜಂಬ ಕೊಚ್ಚಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಜಗಳಕ್ಕೇ ಹೇಳುತ್ತಿದ್ದೇನೆ. ನಾವು ವಾಸವಾಗಿರುವುದು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ. ಅಲ್ಲಿನ ಮನೆಯ ಪತ್ರದಲ್ಲಿ ಗಂಡನ ಹೆಸರು ಮೊದಲು, ನನ್ನದು ಆಮೇಲೆ. ಕಾರು ಅವರ ಹೆಸರಿನಲ್ಲಿ, ಕರೆಂಟ್ ಬಿಲ್ಲು ಅವರ ಹೆಸರಿನಲ್ಲಿ, ಲೈಬ್ರರಿ ಕಾರ್ಡಿನಲ್ಲಿ ಕೂಡ ನಾನು ಅವರ ಬಾಲ. ಆದರೆ ಸಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿಯಲ್ಲಿರುವ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಪತ್ರದಲ್ಲಿ ‘ರಾಜಲಕ್ಷ್ಮಿ’ ಎಂದು ಒಂದೇ ಒಂದು ಹೆಸರಿದೆ. (ಸಾಲದ ಕಾಗದದಲ್ಲಿ ಮಾತ್ರ ಅವರ ಹೆಸರೂ ಇದೆ. ಸಾಲ ಇಬ್ಬರದು, ಮನೆ ನನ್ನದು. ದಾಂಪತ್ಯವೆಂದರೆ ಇದೇ ಎಂದು ನಾನು ತಿಳಿದಿದ್ದೇನೆ.)

ರಾಜಾಜಿನಗರದ ನಮ್ಮಪ್ಪನ ಮನೆ ಮಾರಿದಾಗ ನನ್ನ ಪಾಲಿಗೆ ಬಂದ ದುಡ್ಡಿನಲ್ಲಿ ಅದನ್ನು ಕೊಂಡಿದ್ದು, ೨೦೨೧ರಲ್ಲಿ. ಆಗ ಸಾಲದ ಬಡ್ಡಿ ಮೂರೂ ಚಿಲ್ಲರೆ. ಈಗಿನವರಿಗೆ ಆ ಬಡ್ಡಿ ಹೇಳಿದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ನಮ್ಮವರು, ಅಂದರೆ ಜಯಂತ, ಟೆಲಿಕಾಂ ಇಂಜಿನಿಯರ್, ಎಕ್ಸೆಲ್ ಉಪಾಸಕರು, ಅವತ್ತೇ ಬೇಡ ಎಂದಿದ್ದರು.

“ಇಂಡೆಕ್ಸ್ ಫಂಡಿಗೆ ಹಾಕು ರಾಜಿ. ಅದರ ನಲ್ಲಿ ಸೋರಲ್ಲ.”

“ಇಂಡೆಕ್ಸ್ ಫಂಡಿನ ಬಾಗಿಲಿಗೆ ತೋರಣ ಕಟ್ಟೋಕಾಗುತ್ತೇನ್ರೀ?” ಎಂದೆ. ಆ ಮಾತಿಗೆ ಅವರ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ.

ಮೂರು ವರ್ಷ ಎಲ್ಲವೂ ಸುಸೂತ್ರವಾಗಿ ನಡೆಯಿತು. ಸಂಶೋಧಕ ದಂಪತಿಯೊಬ್ಬರು ಇದ್ದರು, ಒಂದನೇ ತಾರೀಕಿಗೆ ಸರಿಯಾಗಿ ಬಾಡಿಗೆ ಹಾಕುತ್ತಿದ್ದರು. ೨೦೨೪ರ ಜುಲೈನಲ್ಲಿ ಅವರು ಬಾಸ್ಟನ್ನಿಗೆ ಹೊರಟುಹೋದರು. ಮನೆ ಖಾಲಿಯಾಯಿತು. ನಮ್ಮವರ ಮುಖ ಮಾತ್ರ ತುಂಬಿಕೊಂಡಿತು.

“ಈಗ ಮಾರೋಣ. ಏಳು ಲಕ್ಷ ಎಂಬತ್ತು ಸಾವಿರ ಡಾಲರ್ ಬರುತ್ತೆ,” ಎಂದು ಲ್ಯಾಪ್‌ಟಾಪ್ ತಿರುಗಿಸಿದರು. “ನೋಡು, ಏಜೆಂಟ್ ಕಮಿಷನ್ ಹೋಗುತ್ತೆ, ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಹೋಗುತ್ತೆ, ಡಿಪ್ರಿಸಿಯೇಷನ್ ವಾಪಸ್ ಕಟ್ಟಬೇಕಾಗುತ್ತೆ. ಆದ್ರೂ ಒಳ್ಳೇ ಮೊತ್ತ ಉಳಿಯುತ್ತೆ.”

“ಡಿಪ್ರಿಸಿಯೇಷನ್ ಯಾಕೆ ವಾಪಸ್ ಕಟ್ಟಬೇಕು?”

“ಮನೆ ವರ್ಷವರ್ಷ ಸವೆಯುತ್ತಿದೆ ಅಂತ ಹೇಳಿ ಟ್ಯಾಕ್ಸ್ ಕಮ್ಮಿ ಮಾಡಿಸ್ಕೊಂಡಿದೀವಿ. ಲಾಭಕ್ಕೆ ಮಾರಿದ್ರೆ ಸವೆದಿಲ್ಲ ಅಂತ ಗೊತ್ತಾಗುತ್ತಲ್ಲ, ಆಗ ಕೇಳ್ತಾರೆ.”

ಮೂರು ವರ್ಷದಲ್ಲಿ ನಿಜವಾಗಿ ಸವೆದದ್ದು ನಾನು. ಅದಕ್ಕೆ ರಿಯಾಯಿತಿ ಕೊಡುವ ಫಾರಂ ಇಲ್ಲ.

“ಟ್ಯಾಕ್ಸ್ ಈಗಲೇ ಬೇಡ ಅಂದ್ರೆ ಟೆನ್ ಥರ್ಟಿ ಒನ್ ಮಾಡಬಹುದು,” ಎಂದು ಅವರು ಮುಂದುವರಿಸಿದರು.

“ಹತ್ತು ಮೂವತ್ತೊಂದಕ್ಕಾ? ಬೇಡವೇ ಬೇಡ. ಇವತ್ತು ಶುಕ್ರವಾರ, ರಾಹುಕಾಲ.”

ಅದು ಗಂಟೆಯಲ್ಲ, ಕಾನೂನಿನ ನಂಬರು, ಒಂದು ಬಾಡಿಗೆ ಮನೆ ಮಾರಿ ಇನ್ನೊಂದನ್ನು ಕೊಂಡರೆ ಟ್ಯಾಕ್ಸ್ ಮುಂದಕ್ಕೆ ಹೋಗುತ್ತದೆ ಎಂದು ವಿವರಿಸಲು ಅವರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಹುಳಿಗೆ ಒಗ್ಗರಣೆ ಹಾಕಿ ಮುಗಿಸಿ, ನನ್ನ ತೀರ್ಪನ್ನೂ ಕೊಟ್ಟೆ. ಮನೆ ಮಾರುವುದಿಲ್ಲ. ಬಾಡಿಗೆದಾರರನ್ನು ನಾನೇ ಹುಡುಕುತ್ತೇನೆ.

“ಹಾಗಾದ್ರೆ ಪ್ರಾಪರ್ಟಿ ಮ್ಯಾನೇಜರ್ ಇಡು. ಎಂಟು ಪರ್ಸೆಂಟ್ ತಗೋತಾರೆ. ಒಂದು ಬಲ್ಬಿಗೋಸ್ಕರ ನೂರಿಪ್ಪತ್ತು ಮೈಲಿ ನಾನು ಡ್ರೈವ್ ಮಾಡಲ್ಲ.”

“ನನ್ನ ಮನೆಗೆ ನಾನು ಬಾಡಿಗೆ ವಸೂಲಿ ಮಾಡೋದಕ್ಕೆ ಇನ್ನೊಬ್ಬರಿಗೆ ಎಂಟು ಪರ್ಸೆಂಟಾ? ಒಂದು ಸೆಂಟೂ ಕೊಡಲ್ಲ. ನಮ್ಮಪ್ಪ ಮೂವತ್ತು ವರ್ಷ ಮಹಡಿ ಮನೆ ಕೊಟ್ಟಿದ್ರು, ಮ್ಯಾನೇಜರ್ ಇಟ್ಟಿದ್ರಾ?”

ಕೊನೆಗೆ ಒಂದು ಒಪ್ಪಂದವಾಯಿತು. ಇಂಜಿನಿಯರ್ ನೋಡಿ, ಬಾಯಿಮಾತಿಗೆ ಬೆಲೆಯಿಲ್ಲ. ದಿನಸಿ ಚೀಟಿಯ ಹಿಂಬದಿಯಲ್ಲಿ ಅವರೇ ಬರೆದರು: ‘ಆಗಸ್ಟ್ ಮೂವತ್ತೊಂದರೊಳಗೆ ಸಹಿಯಾದ ಲೀಸ್ ಇದ್ದರೆ ಒಂದು ವರ್ಷ ಮಾರುವ ಮಾತು ಎತ್ತುವಂತಿಲ್ಲ. ಇಲ್ಲದಿದ್ದರೆ ಮಾರಾಟ, ಹಣ ಇಂಡೆಕ್ಸ್ ಫಂಡಿಗೆ.’ ಇಬ್ಬರೂ ಸಹಿ ಹಾಕಿದೆವು. ಕಾಲೇಜು ರಜೆಗೆ ಬಂದಿದ್ದ ಮಗಳು ರಚನಾ ಸಾಕ್ಷಿ ಹಾಕಿ, “ಯು ಗೈಸ್ ಆರ್ ಸೋ ವಿಯರ್ಡ್,” ಎಂದು ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು.

ಮಹಾಭಿಯಾನ ಪ್ರಾರಂಭವಾಯಿತು. ಮೊದಲ ಅಡ್ಡಿ ಬಂದದ್ದು ಮಗಳಿಂದಲೇ. ಬಾಡಿಗೆ ಕೇಳಿಕೊಂಡು ಬಂದವರನ್ನು ಇಲ್ಲಿನ ಕಾನೂನಿನ ಪ್ರಕಾರ ಏನೇನು ಕೇಳಬಾರದು ಎಂದು ಅವಳೊಂದು ಪಟ್ಟಿ ಕೈಗೆ ಕೊಟ್ಟಳು. ಮದುವೆಯಾಗಿದೆಯೇ, ಮಕ್ಕಳೆಷ್ಟು, ಯಾವ ಊರು, ಯಾವ ದೇವರು, ಇದ್ಯಾವುದನ್ನೂ ಬಾಯಿಬಿಡುವಂತಿಲ್ಲ. ಇಷ್ಟನ್ನು ಬಿಟ್ಟರೆ ನಮ್ಮ ಕಡೆ ಮಾತು ಶುರುಮಾಡುವುದಾದರೂ ಹೇಗೆ? ಮೊದಲು ಬಂದ ಹುಡುಗ ಹುಡುಗಿಯನ್ನು ನಾನು ಬಹಳ ಉಪಾಯವಾಗಿ, “ನಿಮ್ಮ ಮದುವೆಯಲ್ಲಿ ಊಟ ಚೆನ್ನಾಗಿತ್ತಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅಮ್ಮಾ! ಯು ಕಾಂಟ್ ಆಸ್ಕ್ ದಟ್!” ಎಂದು ರಚನಾ ಕಿರುಚಿದಳು. ಅವರಿಬ್ಬರೂ ಬರೀ ರೂಂಮೇಟ್‌ಗಳಂತೆ. ಮತ್ತೆ ಬರಲಿಲ್ಲ.

ಆಗಸ್ಟ್ ಇಪ್ಪತ್ತು ದಾಟಿತು. ಆರು ಸಲ ಹೋಗಿಬಂದಿದ್ದೆ. ಖಾಲಿ ಮನೆಯ ಸಾಲದ ಕಂತು, ಟ್ಯಾಕ್ಸು, ಅಸೋಸಿಯೇಷನ್ ಚಾರ್ಜು ಸೇರಿ ತಿಂಗಳಿಗೆ ಎರಡು ಸಾವಿರದ ಒಂಬೈನೂರು ಡಾಲರ್ ಹೋಗುತ್ತಲೇ ಇತ್ತು. ನಮ್ಮವರು ಫ್ರಿಜ್ ತೆಗೆದಾಗಲೆಲ್ಲ ಆ ಚೀಟಿಯನ್ನು ಓದಿ, ಮೊಸರು ತೆಗೆದುಕೊಂಡು, ಶಿಳ್ಳೆ ಹಾಕುತ್ತ ಹೋಗುತ್ತಿದ್ದರು. ಆ ಶಿಳ್ಳೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬುದ್ಧಿಮಾತನ್ನು ಮಾತ್ರ ಅವರು ಧರ್ಮಕ್ಕೆ ಕೊಟ್ಟರು. “ತಿಂಗಳ ತಿಂಗಳ ರೆಂಟಿಗೆ ಕೊಡಬೇಡ, ಯಾವಾಗ ಬೇಕಾದ್ರೂ ಬಿಟ್ಟು ಹೋಗ್ತಾರೆ. ಒಂದು ವರ್ಷದ ಲೀಸೇ ಮಾಡ್ಕೋ.”

ಒಳ್ಳೆಯ ಮಾತು ಶತ್ರುವಿನಿಂದ ಬಂದರೂ ಸ್ವೀಕರಿಸುವವಳು ನಾನು. ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅಚ್ಚಕನ್ನಡದಲ್ಲಿ ಹಾಕಿದೆ: ‘ಯೂನಿವರ್ಸಿಟಿ ಸಿಟಿಯಲ್ಲಿ ಎರಡು ಬೆಡ್‌ರೂಂ ಮನೆ. ಗಾಳಿ ಬೆಳಕು ಚೆನ್ನಾಗಿದೆ. ಲೀಸ್ ಮಾತ್ರ. ಬಾಡಿಗೆಗಿಲ್ಲ.’

ಅರ್ಧ ಗಂಟೆಯಲ್ಲಿ ಫೋನು ಬಂತು.

“ರಾಜಲಕ್ಷ್ಮಿ ಅನ್ನೋರು ಏನ್ರಿ? ನಾನ್ರಿ, ಶಿವಬಸವ್ವ. ಬಾಗಲಕೋಟಿಯಾಕಿ. ಕಾರ್ಲ್ಸ್‌ಬಾಡ್‌ನಾಗ ಮಗನ ಮನ್ಯಾಗ ಇರತೇನ್ರಿ. ಮನಿ ಲೀಜಿಗೆ ಐತೇನ್ರಿ?”

“ಇದೆ ಅಮ್ಮ.”

“ಬಾಡಿಗಿ ಇಲ್ಲಲ್ರಿ ಮತ್ತ? ಲೀಜ್ ಅಂದ್ರ ಲೀಜೇ ಹೌದಲ್ರಿ?”

“ಬಾಡಿಗೆಗಿಲ್ಲ ಅಂತ ಬರೆದೇ ಇದೀನಲ್ಲಮ್ಮ. ಬರೀ ಲೀಸು.”

“ಎಷ್ಟಕ್ಕ ಕೊಡತೀರಿ?”

“ಮೂರೂವರೆ.”

“ಮೂರೂವರೆ ಸಾವಿರ? ಡಾಲರ್?”

“ಹೂಂ. ಯಾಕೆ, ಜಾಸ್ತಿ ಅನ್ನಿಸ್ತಾ?”

“ಅಯ್ಯ, ಇಲ್ರಿ ನನ್ನವ್ವಾ! ನಿಮ್ಮ ಹೊಟ್ಟಿ ತಣ್ಣಗಿರ್ಲಿ. ನನಗ ಬೇಕ್ರಿ ಆ ಮನಿ.”

ಕ್ಯಾಲಿಫೋರ್ನಿಯಾದಲ್ಲಿ ಮೂರೂವರೆ ಸಾವಿರ ಎಂದು ಕೇಳಿ ಆಶೀರ್ವಾದ ಮಾಡಿದವರನ್ನು ನಾನು ಕಂಡಿರಲಿಲ್ಲ. ನನ್ನ ಮನೆಯ ಗಾಳಿ ಬೆಳಕಿನ ಮೇಲೆ ನನಗೇ ಗೌರವ ಹೆಚ್ಚಾಯಿತು.

ಆಗಸ್ಟ್ ಇಪ್ಪತ್ತೆಂಟರಂದು ಫ್ಲ್ಯಾಟಿನಲ್ಲೇ ಭೇಟಿಯಾದೆವು. ಅರವತ್ತು ದಾಟಿದ ಗಟ್ಟಿ ಹೆಂಗಸು, ಇಳಕಲ್ ಸೀರೆ, ಕಾಲಿಗೆ ಓಡುವವರ ಬೂಟು. ಮಗ ತರುಣನ ಮನೆಯಲ್ಲಿ ಅಡುಗೆಮನೆ ಪೂರ್ತಿ ಬಿಳಿಗಲ್ಲಂತೆ. ರೊಟ್ಟಿ ಬಡಿದರೆ ಕಲ್ಲಿಗೆ ಬಿರುಕು ಬೀಳುತ್ತದೆ ಎಂದು ಸೊಸೆಗೆ ಭಯ. “ಅಕಿ ತಪ್ಪಲ್ರಿ, ಅಕಿ ಮನಿ. ನನಗ ನನ್ನ ಮನಿ ಬೇಕು,” ಎಂದರು. ಕೌಂಟಿಯಿಂದ, ಅಂದರೆ ಇಲ್ಲಿನ ಜಿಲ್ಲಾಡಳಿತದಿಂದ, ಪರ್ಮಿಟ್ ಮಾಡಿಸಿಕೊಂಡು ಖಡಕ್ ರೊಟ್ಟಿ ಮಾರುತ್ತಾರಂತೆ, ಸ್ವಂತ ದುಡಿಮೆಯಂತೆ. ನನಗೆ ಒಂದೇ ಮಾತಿಗೆ ಇಷ್ಟವಾಗಿಬಿಟ್ಟರು.

ಪತ್ರದ ಪ್ರಶ್ನೆ ಬಂತು. ನಮ್ಮವರು ಹದಿನೆಂಟು ಪುಟದ ಇಂಗ್ಲಿಷ್ ಫಾರಂ ಡೌನ್‌ಲೋಡ್ ಮಾಡಿ ಕೊಟ್ಟಿದ್ದರು. ಅದನ್ನು ನಾನು ಬ್ಯಾಗಿನಿಂದ ತೆಗೆಯಲೂ ಇಲ್ಲ. ಇಬ್ಬರು ಕನ್ನಡತಿಯರ ನಡುವೆ ಹದಿನೆಂಟು ಪುಟದ ಅಪನಂಬಿಕೆ ಯಾಕೆ? ನಮ್ಮಪ್ಪ ಮಹಡಿ ಮನೆಗೆ ಬರೆಸುತ್ತಿದ್ದ ‘ಲೀಸ್ ಕರಾರು ಪತ್ರ’ದ ಫೋಟೋ ನನ್ನ ಫೋನಿನಲ್ಲಿತ್ತು. ಅದನ್ನೇ ನೋಡಿಕೊಂಡು, ಹೆಸರು, ವಿಳಾಸ, ಮೊತ್ತ ಬದಲಾಯಿಸಿ ಹಿಂದಿನ ದಿನವೇ ದುಂಡಗೆ ಬರೆದಿಟ್ಟಿದ್ದೆ. ಆಹಾ, ಅದರ ಭಾಷೆಯ ಗಾಂಭೀರ್ಯವೇ! ‘ಸದರಿ ಮೊಬಲಗು ೩,೫೦೦ ಡಾಲರುಗಳನ್ನು ಒಂದನೇ ಪಾರ್ಟಿಯವರು ಎರಡನೇ ಪಾರ್ಟಿಯವರಿಂದ ಪಡೆದುಕೊಂಡಿದ್ದು, ಸದರಿ ಸ್ವತ್ತಿನ ಅನುಭೋಗಕ್ಕೆ ಬಾಡಿಗೆಯಾಗಲೀ ಸದರಿ ಮೊಬಲಗಿಗೆ ಬಡ್ಡಿಯಾಗಲೀ ಉಭಯತ್ರರೂ ಪರಸ್ಪರ ಕೇಳತಕ್ಕದ್ದಲ್ಲ.’ ಉಸಿರು ಕಟ್ಟಿಸುವ ವಾಕ್ಯ. ಬರೆಯುವಾಗ ನನಗೆ ಹಿಡಿಸಿದ್ದು ‘ಬಡ್ಡಿ ಕೇಳತಕ್ಕದ್ದಲ್ಲ’ ಎಂಬ ಭಾಗ. ಅಡ್ವಾನ್ಸಿಗೆ ಬಡ್ಡಿ ಕೊಡಬೇಕಾಗಿಲ್ಲ, ಬೇಷಾಯಿತು ಎಂದುಕೊಂಡೆ. ಉಳಿದದ್ದನ್ನು ಕಾಗುಣಿತ ತಪ್ಪದಂತೆ ಬರೆಯುವ ಭರದಲ್ಲಿ ಅರ್ಥದ ಕಡೆ ಗಮನ ಕೊಡಲಿಲ್ಲ.

ಶಿವಬಸವ್ವನವರು ಕನ್ನಡಕ ಏರಿಸಿಕೊಂಡು ಪ್ರತಿ ಸಾಲನ್ನೂ ಬೆರಳಿಟ್ಟು ಓದಿದರು. ಓದಿ, “ವರ್ಷ ಆದಮ್ಯಾಲೆ ಈ ರೊಕ್ಕ ವಾಪಸ್ ಕೊಡತೀರಲ್ರಿ?” ಎಂದರು.

“ಗೋಡೆಗೆ ಮೊಳೆ ಹೊಡೀದೇ ಇದ್ರೆ ಪೂರ್ತಿ ವಾಪಸ್,” ಎಂದೆ ದೊಡ್ಡ ಮನಸ್ಸಿನಿಂದ.

“ಒಂದ ಮೊಳಿ ಹೊಡಿಯಂಗಿಲ್ರಿ.” ಚೆಕ್ ಕೊಟ್ಟರು. ಸಹಿ ಹಾಕಿದೆವು. “ಮತ್ತೇನರ ಕೊಡೂದೈತೇನ್ರಿ?” ಎಂದು ಕೇಳಿದರು. ನಾನು ಬಾಡಿಗೆ ವಿಷಯವನ್ನು ಆಗಲೇ ಎತ್ತಿದರೆ ಆಸೆಬುರುಕಿ ಎಂದುಕೊಂಡಾರು ಎಂದು, “ಮಿಕ್ಕಿದ್ದೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ,” ಎಂದೆ. ಇದನ್ನು ನಮ್ಮ ಬೆಂಗಳೂರಿನ ಸಂಕೋಚ ಎನ್ನುತ್ತಾರೆ. ಬಹಳ ದುಬಾರಿ ವಸ್ತು.

ಮನೆಗೆ ಬಂದು ಪತ್ರವನ್ನು ನಮ್ಮವರ ಮುಖದ ಮುಂದೆ ಹಿಡಿದೆ. ಅವರು ಮೇಲೆ ‘ಲೀಸ್’ ಎಂಬ ಪದವನ್ನೂ ಕೆಳಗೆ ಎರಡು ಸಹಿಗಳನ್ನೂ ತಾರೀಕನ್ನೂ ನೋಡಿದರು. ಶಿಳ್ಳೆ ನಿಂತುಹೋಯಿತು. ಆ ರಾತ್ರಿ ನಾನು ಪಾಯಸ ಮಾಡಿದೆ.

ಸೆಪ್ಟೆಂಬರ್ ಐದಾದರೂ ಬಾಡಿಗೆ ಬರಲಿಲ್ಲ. ಫೋನು ಮಾಡಿದೆ.

“ಶಿವಬಸವ್ವನೋರೇ, ಅದೂ... ಒಂದನೇ ತಾರೀಕು ಆಯ್ತಲ್ಲ...”

“ಹೌದ್ರಿ ತಂಗೆವ್ವ, ಒಂದನೇ ತಾರೀಖಿಗೇ ಹಾಲು ಉಕ್ಕಿಸೇನ್ರಿ!”

“ಸಂತೋಷ. ಅಲ್ಲ, ಅದು ಕಳಿಸಿದ್ರಾ ಅಂತ ಕೇಳೋಣ ಅಂತ.”

“ನಿಮಗ ಹೆಂಗ ಗೊತ್ತಾತ್ರಿ? ನಿನ್ನೇನ ಕಳಿಸೇನ್ರಿ.”

ನಿರಾಳವಾಯಿತು. ಎರಡು ದಿನಕ್ಕೆ ಒಂದು ಪೆಟ್ಟಿಗೆ ಬಂತು. ಒಳಗೆ ಎರಡು ಡಜನ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದೆ. ಚೆಕ್ ಇರಲಿಲ್ಲ.

ನಮ್ಮವರು ಆ ರೊಟ್ಟಿಗೆ ಮಾರುಹೋದರು. ಬೆಳಿಗ್ಗೆ ರೊಟ್ಟಿ, ರಾತ್ರಿ ರೊಟ್ಟಿ. ಬಾಯಿ ತುಂಬಿದ್ದಾಗಲೇ, “ಬಾಡಿಗೆ ಬಂತಾ?” ಎಂದು ಕೇಳುವರು. “ಬರದೇ ಏನು?” ಎನ್ನುವೆ ನಾನು. ನನಗೊಂದು ದಂತವೈದ್ಯರ ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸವಿದೆ. ಆ ಸಂಬಳವನ್ನು ತೆಗೆದು, ಮೂರೂವರೆ ಸಾವಿರ ಮಾಡಿ, ಬಾಡಿಗೆ ಜಮೆಯಾಗುವ ಖಾತೆಗೆ ನಾನೇ ಹಾಕಿದೆ. ಎಕ್ಸೆಲ್‌ನಲ್ಲಿ ಹಸಿರು ಬಂತು. ಅಕ್ಟೋಬರಿನಲ್ಲೂ ಹಾಗೇ ಮಾಡಿದೆ. ಅಕ್ಟೋಬರಿನ ಪೆಟ್ಟಿಗೆಯಲ್ಲಿ ಎಣ್ಣೆಗಾಯಿಗೆ ಹಾಕುವ ಮಸಾಲೆಯೂ ಇತ್ತು.

ನನ್ನ ಬಂಡವಾಳ ಬಯಲಾದದ್ದು ಅಸೋಸಿಯೇಷನ್ನಿನ ಪತ್ರದಿಂದ. ನನ್ನ ಫ್ಲ್ಯಾಟಿನಿಂದ ದಿನಾ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ‘ಲಯಬದ್ಧವಾಗಿ ಬಡಿಯುವ ಶಬ್ದ’ ಬರುತ್ತಿದೆಯೆಂದೂ, ಮುಂದುವರಿದರೆ ಮಾಲೀಕರಿಗೆ ನೂರು ಡಾಲರ್ ದಂಡವೆಂದೂ ಇತ್ತು. ಟಪಾಲು ಒಡೆದವರು ನಮ್ಮವರು.

“ರೊಟ್ಟಿ ಬಡಿಯೋ ಶಬ್ದ,” ಎಂದರು ಭಕ್ತಿಯಿಂದ. “ಶನಿವಾರ ಹೋಗಿ ಮಾತಾಡ್ಕೊಂಡು ಬರೋಣ. ನಾನೂ ಬರ್ತೀನಿ.”

ಬಲ್ಬಿಗೆ ಬಾರದ ಮನುಷ್ಯ ರೊಟ್ಟಿಗೆ ಹೊರಟರು. ಕಾರಿನಲ್ಲೇ ನಿಜ ಹೇಳಿಬಿಡೋಣವೆಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಆ ಶಿಳ್ಳೆ ನೆನಪಾಗಿ ಮುಚ್ಚಿದೆ.

ಬಾಗಿಲಿನ ಮೇಲೆ ಒಂದು ಬಿಳಿ ಟೇಪು ಅಂಟಿಸಿ, ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ಕನ್ನಡದಲ್ಲಿ ‘ಶಿವಬಸವ್ವ’ ಎಂದು ಬರೆದಿತ್ತು. ಮಾವಿನ ಎಲೆ ಸಿಗದೆ ಯಾವುದೋ ಬೇಲಿಯ ಎಲೆಯಲ್ಲಿ ತೋರಣ ಕಟ್ಟಿದ್ದರು. ಮಗ ತರುಣನೂ ಇದ್ದ. ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ, ಮೊಸರು ಬಡಿಸಿದರು. ಊಟ ಮುಗಿಯುವ ತನಕ ಯಾರೂ ವ್ಯವಹಾರ ಎತ್ತಲಿಲ್ಲ. ಆಮೇಲೆ ನಾನು ಶಬ್ದದ ವಿಷಯ ಹೇಳಿದೆ. ಮಣೆಯ ಕೆಳಗೆ ಹಳೆಯ ಯೋಗದ ಚಾಪೆ ಹಾಕಿಕೊಳ್ಳುತ್ತೇನೆ ಎಂದು ಶಿವಬಸವ್ವನವರು ಒಂದೇ ನಿಮಿಷದಲ್ಲಿ ಪರಿಹಾರ ಕೊಟ್ಟರು. ನಾನು ಎದ್ದು ಹೊರಡುವ ಅವಸರದಲ್ಲಿದ್ದೆ.

“ಅಷ್ಟೇ ಅಲ್ವಾ? ಮತ್ತೆ ಬಾಡಿಗೆ ಎಲ್ಲ ಸರಿಯಾಗಿ ಬರ್ತಿದೆ,” ಎಂದರು ನಮ್ಮವರು, ಮೆಚ್ಚುಗೆಯ ಧ್ವನಿಯಲ್ಲಿ. “ಥ್ಯಾಂಕ್ಸ್ ಅಮ್ಮ.”

“ಬಾಡಿಗಿ?” ಶಿವಬಸವ್ವನವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. “ಯಾವ ಬಾಡಿಗಿ ಸಾಹೇಬ್ರ? ಇದು ಲೀಜ್ ಮನಿ ಅಲ್ರಿ?”

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ ಎಂದು ನನಗೆ ಗೊತ್ತಾಯಿತು.

“ತಿಂಗಳ ಮೂರೂವರೆ ಸಾವಿರ ಅಂತ ಹೇಳಿದ್ನಲ್ಲ ಅಮ್ಮ,” ಎಂದೆ.

“ತಿಂಗಳ ಅಂತ ಎಲ್ಲಿ ಅಂದೀರಿ? ‘ಮೂರೂವರೆ’ ಅಂದ್ರಿ. ಬಾಡಿಗಿ ಇಲ್ಲಲ್ರಿ ಅಂತ ನಾ ಬಾಯಿಬಿಟ್ಟು ಕೇಳೇನಿ, ಇಲ್ಲ ಅಂದ್ರಿ. ರೊಕ್ಕ ವಾಪಸ್ ಅಂದ್ರಿ. ನನ್ನ ಮಗಳು ಬೆಂಗಳೂರು ವಿಜಯನಗರದಾಗ ಲೀಜ್ ಮನ್ಯಾಗ ಅದಾಳ. ಒಂದ ಸಲ ಹದಿನೈದು ಲಕ್ಷ ಕೊಟ್ಟಾಳ, ಬಾಡಿಗಿ ಇಲ್ಲ, ಮನಿ ಬಿಡೂವಾಗ ಪೂರ್ತಿ ವಾಪಸ್. ಲೀಜ್ ಅಂದ್ರ ಇದ ಅಲ್ರಿ ಮತ್ತ?”

ಇದೇ. ರಾಜಾಜಿನಗರದಲ್ಲಿ ನಮ್ಮಪ್ಪನ ಮಹಡಿ ಮನೆಯ ಲೀಸೂ ಇದೇ. ಹುಟ್ಟಿನಿಂದ ಕೇಳಿದ ಮಾತು. ಆದರೆ ಇಪ್ಪತ್ತೆರಡು ವರ್ಷ ಅಮೆರಿಕದಲ್ಲಿದ್ದು ನನ್ನ ತಲೆಯೊಳಗಿನ ‘ಲೀಸ್’ ನನಗೆ ಹೇಳದೆಯೇ ಸಿಟಿಜನ್‌ಶಿಪ್ ತೆಗೆದುಕೊಂಡುಬಿಟ್ಟಿತ್ತು. ಇಲ್ಲಿ ಲೀಸ್ ಎಂದರೆ ವರ್ಷದ ಕರಾರು, ಬಾಡಿಗೆ ಮಾತ್ರ ತಿಂಗಳ ತಿಂಗಳ ಕೊಡಲೇಬೇಕು. ಶಿವಬಸವ್ವನವರದು ಇನ್ನೂ ವಿಜಯನಗರದಲ್ಲೇ ಇತ್ತು.

“ನಾನು ನಮ್ಮ ರೂಪಾಯಿ ಲೆಕ್ಕದಾಗ ಮೂರು ಲಕ್ಷಕ್ಕ ಮನಿ ಸಿಕ್ತಲ್ಲ, ಪುಣ್ಯಾತ್ಗಿತ್ತಿ ಅಂತ ದಿನಾ ನಿಮ್ಮ ಹೆಸರಲೇ ದೀಪ ಹಚ್ಚೇನಿ,” ಎಂದು ಅವರು ದೇವರ ಗೂಡಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಪತ್ರ ತೆಗೆದು ಮಗನ ಕೈಗೆ ಕೊಟ್ಟರು.

ತರುಣ ಓದಿದ. ಓದುತ್ತಾ ಅವನ ಕಿವಿ ಕೆಂಪಾದವು. “ಆಂಟಿ, ನಾನೂ ತಿಂಗಳ ತಿಂಗಳ ಬಾಡಿಗಿ ಅವ್ವನ ಖಾತೇಲಿಂದ ಹೋಗಾಕತ್ತೈತಿ ಅಂದ್ಕೊಂಡಿದ್ದೆ. ಆದ್ರ ಇದರಾಗ... ‘ಬಾಡಿಗೆ ಕೇಳತಕ್ಕದ್ದಲ್ಲ’ ಅಂತ ನೀವ ಬರದೀರಲ್ರಿ?”

ನಮ್ಮವರು ಪತ್ರವನ್ನು ಇಸಿದುಕೊಂಡು ಗಟ್ಟಿಯಾಗಿ ಓದಿದರು. ‘ಉಭಯತ್ರರೂ ಪರಸ್ಪರ’ ಎಂಬಲ್ಲಿಗೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು, ಕಣ್ಣೊರೆಸಿಕೊಂಡು, ಥಟ್ಟನೆ ನಿಲ್ಲಿಸಿ ಕೇಳಿದರು: “ಹಾಗಾದ್ರೆ ನನ್ನ ಎಕ್ಸೆಲ್‌ಗೆ ಬಂದ ಏಳು ಸಾವಿರ ಯಾರದ್ದು?”

“ನನ್ನ ಸಂಬಳದ್ದು,” ಎಂದೆ. ತಲೆ ತಗ್ಗಿಸಲಿಲ್ಲ.

ತರುಣ ಪಾಪ, ಒಳ್ಳೆಯ ಹುಡುಗ. ಫೋನು ತೆಗೆದು, “ಎರಡು ತಿಂಗಳದ್ದು ಈಗ ಹಾಕತೇನ್ರಿ ಆಂಟಿ, ಇನ್ನ ಮುಂದ ನಾನ ಕೊಡತೇನಿ, ಬ್ಯಾರೆ ಲೀಸ್ ಮಾಡೂಣು,” ಎಂದ.

“ತಗದಿಡು ಅದನ್ನ,” ಎಂದರು ಶಿವಬಸವ್ವ. “ನಿನ್ನ ರೊಕ್ಕದಾಗ ಇರೂದಾಗಿದ್ರ ನಿನ್ನ ಮನ್ಯಾಗ ಇರತಿದ್ದೆ. ಈ ದೇಶಕ್ಕ ಬಂದು ಆರು ವರ್ಷ ಆತು. ಬಾಗಲಕ ನನ್ನ ಹೆಸರು ಬರದಿದ್ದು ಇದ ಮೊದಲ. ಪತ್ರ ತಪ್ಪಾಗಿದ್ರ ಮನಿ ಬಿಡತೇನಿ, ನಾ ಮೋಸದಾಕಿ ಅಲ್ಲ. ತಂಗೆವ್ವ ಹೇಳಲಿ.”

ನಮ್ಮವರು ಗಂಟಲು ಸರಿಮಾಡಿಕೊಂಡರು. ಆ ಧ್ವನಿ ನನಗೆ ಗೊತ್ತು, ಆಫೀಸಿನ ಮೀಟಿಂಗಿನ ಧ್ವನಿ. “ಸಿಂಪಲ್ ರಾಜಿ. ಪತ್ರ ತಪ್ಪು ಅಂತೀಯಾ, ಆಗ ಆಗಸ್ಟ್ ಮೂವತ್ತೊಂದಕ್ಕೆ ಸಹಿಯಾದ ಲೀಸ್ ಇರಲೇ ಇಲ್ಲ ಅಂತಾಯ್ತು. ಫ್ರಿಜ್ ಮೇಲಿನ ಚೀಟಿ ಪ್ರಕಾರ ಸೋಮವಾರ ಏಜೆಂಟಿಗೆ ಫೋನ್ ಮಾಡ್ತೀನಿ. ಪತ್ರ ಸರಿ ಅಂತೀಯಾ, ಇನ್ನೂ ಹತ್ತು ತಿಂಗಳು ಬಾಡಿಗೆ ಮಾತೆತ್ತಬೇಡ. ಎರಡರಲ್ಲಿ ಯಾವುದು?”

ಬಾಡಿಗೆ ಬೇಕೆಂದರೆ ಮನೆ ಹೋಗುತ್ತದೆ. ಮನೆ ಬೇಕೆಂದರೆ ಬಾಡಿಗೆ ಹೋಗುತ್ತದೆ. ನಾನು ಬಾಗಿಲ ಕಡೆ ನೋಡಿದೆ. ತೆರೆದ ಬಾಗಿಲಿನ ಮೇಲೆ ಆ ಟೇಪಿನ ತುದಿ ಕಾಣುತ್ತಿತ್ತು. ಪತ್ರದಲ್ಲಿ ನನ್ನ ಹೆಸರು, ಬಾಗಿಲಲ್ಲಿ ಅವರ ಹೆಸರು. ಇಡೀ ಕಟ್ಟಡದಲ್ಲಿ ಇಂಥ ಮನೆ ಇದೊಂದೇ ಇದ್ದೀತು ಎನ್ನಿಸಿ ನನಗೆ ಒಂಥರಾ ಅಳುವೂ ಬಂತು, ಕೊಬ್ಬೂ ಬಂತು.

“ಪತ್ರ ನಾನು ಬರೆದದ್ದು,” ಎಂದೆ. “ಒಂದಕ್ಷರ ತಪ್ಪಿಲ್ಲ. ಮನೆ ಲೀಸಿಗೇ ಕೊಟ್ಟಿರೋದು. ಬಾಡಿಗೆ ಯಾರು ಕೇಳಿದ್ದು?”

ನಮ್ಮವರು ಬಾಯಿ ತೆರೆದುಕೊಂಡೇ ಕುಳಿತರು. ಮೂವತ್ತು ವರ್ಷದ ಸಂಸಾರದಲ್ಲಿ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಆ ಒಂದು ನೋಟಕ್ಕೆ ತಿಂಗಳಿಗೆ ಎರಡು ಸಾವಿರದ ಒಂಬೈನೂರು ಡಾಲರ್ ಬಿತ್ತು. ನಾನು ದುಬಾರಿ ಎನ್ನುವುದಿಲ್ಲ.

ಶಿವಬಸವ್ವನವರು ಹತ್ತಿರ ಬಂದು ಕೂತರು. “ತಂಗೆವ್ವ, ಬಾಡಿಗಿ ಅಂತ ಒಂದ ಪೈಸಾ ನಾ ಕೊಡಂಗಿಲ್ಲ, ಪತ್ರ ಪತ್ರನ. ಆದ್ರ ಒಂದ ಮಾತು. ಲಾಸ್ ಏಂಜಲೀಸ್‌ನಾಗ ನಮ್ಮ ಮಂದಿ ಭಾಳ ಅದಾರ. ರೊಟ್ಟಿ ನಾ ಬಡೀತೇನಿ, ಅಲ್ಲಿ ನೀವು ಮಾರ್ರಿ. ಲಾಭದಾಗ ಅರ್ಧ ನಿಮಗ. ನಿಮ್ಮ ಕಂತಿಗೂ ಆತು.”

ಹೀಗೆ ನಾನು ಉದ್ಯಮಿಯಾದೆ. ಎರಡು ವಾರಕ್ಕೊಮ್ಮೆ ನಮ್ಮವರೇ ನೂರಿಪ್ಪತ್ತು ಮೈಲಿ ಹೋಗಿ ರೊಟ್ಟಿ ತರುತ್ತಾರೆ, ಯಾರೂ ಹೇಳದೆ. (ಬರುವಾಗ ಒಂದು ಡಜನ್ ಕಮ್ಮಿ ಇರುತ್ತದೆ.) ಶನಿವಾರ ಬೆಳಿಗ್ಗೆ ಮಕ್ಕಳ ಕನ್ನಡ ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆರೆದು ನಿಲ್ಲುತ್ತೇನೆ. ನನ್ನ ಮನೆಗೆ ಬರಬೇಕಾದ ಬಾಡಿಗೆಯನ್ನು ನಾನೇ ದುಡಿದು ನನಗೇ ಕೊಟ್ಟುಕೊಳ್ಳುತ್ತಿದ್ದೇನೆ. ಸಾಲದೆ ಬಿದ್ದದ್ದಕ್ಕೆ ದಂತವೈದ್ಯರು ಕೊಡುವ ಸಂಬಳವಿದೆ.

ಮೊದಲ ತಿಂಗಳ ಲೆಕ್ಕ ಶಿವಬಸವ್ವನವರಿಂದ ಬಂತು. ನನ್ನ ಪಾಲು ನಾನೂರ ನಲವತ್ತೆಂಟು ಡಾಲರ್. ಖಾತೆಗೆ ಬಂದದ್ದು ನಾನೂರ ಹನ್ನೆರಡು ಡಾಲರ್ ಹದಿನಾರು ಸೆಂಟು. ಫೋನು ಮಾಡಿದೆ.

“ಎಂಟು ಪರ್ಸೆಂಟ್ ಮುರಕೊಂಡೇನ್ರಿ ತಂಗೆವ್ವ.”

“ಯಾಕೆ?”

“ಲೆಕ್ಕಾ ಇಡಾಕಿ ಯಾರ್ರಿ? ರೊಕ್ಕ ವಸೂಲಿ ಮಾಡಿ ನಿಮಗ ಮುಟ್ಟಸಾಕಿ ಯಾರ್ರಿ? ಮ್ಯಾನೇಜರ್ ನಾನಲ್ರಿ? ಈ ದೇಶದಾಗ ರೇಟ್ ಅದ ಅಂತ ನಿಮ್ಮ ಸಾಹೇಬ್ರ ಹೇಳಿದ್ರು.”

ಅಡುಗೆಮನೆಯಿಂದ ರೊಟ್ಟಿ ಮುರಿಯುವ ಸದ್ದು ಕೇಳಿಸಿತು. ಅದರ ಹಿಂದೆಯೇ ಶಿಳ್ಳೆ.

ಹಾಕಿಕೊಳ್ಳಲಿ ಶಿಳ್ಳೆ. ಮನೆ ಇನ್ನೂ ನನ್ನ ಹೆಸರಿನಲ್ಲೇ ಇದೆ, ಗೋಡೆಗೆ ಒಂದು ಮೊಳೆಯೂ ಬಿದ್ದಿಲ್ಲ. ರೊಟ್ಟಿ ಬೇಕಾದವರು ಶನಿವಾರ ಹತ್ತು ಗಂಟೆಯೊಳಗೆ ಬನ್ನಿ, ಡಜನ್ನಿಗೆ ಹನ್ನೆರಡು ಡಾಲರ್. ಅಡ್ವಾನ್ಸ್ ಕೊಡಬೇಕು. ವಾಪಸ್ ಕೊಡುವುದಿಲ್ಲ. ಇದನ್ನು ಈ ಸಲ ಇಂಗ್ಲಿಷಿನಲ್ಲೂ ಬರೆಸಿದ್ದೇನೆ.